ರೇಷ್ಮೆ ಹುಳು ಮನೆಯ ಕಲ್ಲುಗೋಡೆಗೆ ಒಳಗಿನಿಂದ ಇನ್ಸುಲೇಷನ್: ಯಾವುದು ಹಾಕಬಹುದು, ಯಾವುದು ಬೇಡ

ಹೋದ ವರ್ಷ ಜನವರಿಯಲ್ಲಿ ಶಿಡ್ಲಘಟ್ಟದ ಕಡೆ ನಮ್ಮ ಭಾವನ ಹುಳು ಮನೆಯಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಗೋಡೆಗೆ ಹೊಡೆದಿದ್ದ ಒಂದು ಪ್ಲೈವುಡ್ ಶೀಟು ಬಿಚ್ಚಿಸಿದೆ. ಎದುರಿನಿಂದ ನೋಡಿದರೆ ಶೀಟು ಚೆನ್ನಾಗೇ ಇತ್ತು, ಬಣ್ಣ ಕೂಡ ಎದ್ದಿರಲಿಲ್ಲ. ಸ್ಕ್ರೂ ತೆಗೆದು ಈಚೆಗೆ ಎಳೆದಾಗ ಮೊದಲು ಬಂದದ್ದು ವಾಸನೆ. ಒದ್ದೆ ಗೋಣಿಚೀಲವನ್ನು ವಾರಗಟ್ಟಲೆ ಮುಚ್ಚಿಟ್ಟರೆ ಬರುತ್ತದಲ್ಲ, ಅದು. ಒಳಗಿದ್ದ ಥರ್ಮೋಕೋಲಿನ ಬೆನ್ನ ಮೇಲೆ ನೀರಿನ ಹನಿ ಸಾಲುಗಟ್ಟಿ ನಿಂತಿದ್ದವು. ಗೋಡೆಯ ಸೈಜ್ ಕಲ್ಲಿನ (ಅಳತೆಗೆ ಒಡೆದ ಗ್ರಾನೈಟ್) ಮೇಲೆ ಕಪ್ಪು ಬೂಷ್ಟು. ಶೀಟು ಕೂರಿಸಲು ಹೊಡೆದಿದ್ದ ಕೆಳಗಿನ ಮರದ ರೀಪರ್ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಉಗುರು ಒಳಗೆ ಹೋಯಿತು.

“ಮಳೆ ನೀರು ಇಳಿದಿರಬೇಕು” ಅಂದರು ಭಾವ. ಮಳೆ ಬಿದ್ದು ಆಗಲೇ ಎರಡು ತಿಂಗಳ ಹತ್ತಿರ ಆಗಿತ್ತು. ನೀರು ಬಂದದ್ದು ಒಳಗಿನ ಗಾಳಿಯಿಂದ. ಚಳಿಗಾಲದಲ್ಲಿ ಹೀಟರ್ ಖರ್ಚು ಉಳಿಯುತ್ತದೆ, ಗೋಡೆಗೆ ಥರ್ಮೋಕೋಲ್ ಹಾಕಿಸಿ ಅಂತ ಅದಕ್ಕೆ ಎರಡು ವರ್ಷ ಮುಂಚೆ ಹೇಳಿದ್ದವನು ನಾನೇ. ಮನೆ ಕಟ್ಟಿಸುವ ಕೆಲಸ ಮಾಡುವವನು ನಾನು. ಗೊತ್ತಿರಬೇಕಿತ್ತು.

ಅಲ್ಲಿಂದ ಈಚೆಗೆ ನಾಲ್ಕೈದು ಹುಳು ಮನೆಗಳ ಗೋಡೆ ನೋಡಿದ್ದೇನೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಒಂದೂವರೆ ಅಡಿ ಕಲ್ಲುಗೋಡೆಗೆ ಒಳಗಿನಿಂದ ಏನಾದರೂ ಹೊದಿಸಬೇಕು ಅನ್ನುವವರಿಗೆ ಯಾವುದು ಸರಿ, ಯಾವುದು ಬೇಡ ಅಂತ ಹೇಳುವಷ್ಟು ಈಗ ಕಲಿತಿದ್ದೇನೆ.

ಕಲ್ಲು ಯಾಕೆ ಬೆವರುತ್ತದೆ

ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದಲ್ವಾ, ಇದೂ ಹಾಗೇ. ಗಾಳಿಯಲ್ಲಿ ಎಷ್ಟು ತೇವ ಇದೆ ಅನ್ನುವುದರ ಮೇಲೆ ಒಂದು ಉಷ್ಣತೆ ಇರುತ್ತದೆ. ಅದಕ್ಕಿಂತ ತಣ್ಣಗಿರುವ ಯಾವ ಮೈ ಸಿಕ್ಕಿದರೂ ಗಾಳಿ ಅಲ್ಲಿ ನೀರು ಬಿಡುತ್ತದೆ. ಅದನ್ನು ಇಬ್ಬನಿ ಬಿಂದು ಅನ್ನುತ್ತಾರೆ. ನಾವು ವಾಸ ಮಾಡುವ ಕೋಣೆ 22 ಡಿಗ್ರಿ, ತೇವಾಂಶ 60 ಪರ್ಸೆಂಟ್ ಅಂದುಕೊಳ್ಳಿ. ಇಬ್ಬನಿ ಬಿಂದು 14ರ ಹತ್ತಿರ. ನಮ್ಮ ಕಡೆ ಗೋಡೆ ಅಷ್ಟು ತಣ್ಣಗಾಗುವುದು ಅಪರೂಪ.

ಹುಳು ಮನೆ ಲೆಕ್ಕವೇ ಬೇರೆ. ಚಾಕಿ ಹುಳುಗಳಿಗೆ, ಅಂದರೆ ಎಳೆ ಹುಳುಗಳಿಗೆ, 27–28 ಡಿಗ್ರಿ ಬೇಕು, ತೇವಾಂಶ 85ರ ಆಚೆ ಈಚೆ ಬೇಕು. ಅಲ್ಲಿ ಇಬ್ಬನಿ ಬಿಂದು 24–25 ಡಿಗ್ರಿ. ದೊಡ್ಡ ಹುಳುಗಳಿಗೆ 24–25 ಡಿಗ್ರಿ, 70ರ ಆಸುಪಾಸು ತೇವಾಂಶ ಸಾಕು. ಆಗ ಇಬ್ಬನಿ ಬಿಂದು 19. ಈ ತೇವವನ್ನು ನಾವೇನೂ ಕಷ್ಟಪಟ್ಟು ತರಬೇಕಿಲ್ಲ. ಹಿಪ್ಪುನೇರಳೆ ಸೊಪ್ಪಿನ ತೂಕದಲ್ಲಿ 70 ಪರ್ಸೆಂಟ್‌ಗೂ ಜಾಸ್ತಿ ನೀರೇ. ಒಂದು ಕ್ವಿಂಟಲ್ ಸೊಪ್ಪು ಒಳಗೆ ಹೊತ್ತು ತಂದರೆ 70 ಲೀಟರ್ ನೀರನ್ನು ಹೊತ್ತು ತಂದ ಹಾಗೆ. ಅದರಲ್ಲಿ ದೊಡ್ಡ ಪಾಲು ಒಂದಲ್ಲ ಒಂದು ದಾರಿಯಲ್ಲಿ ಗಾಳಿಗೆ ಸೇರುತ್ತದೆ.

ಈಗ ಗೋಡೆ. ಡಿಸೆಂಬರ್–ಜನವರಿಯ ರಾತ್ರಿ ಹೊರಗೆ 15 ಡಿಗ್ರಿ, ಒಳಗೆ 25 ಅಂತಿಟ್ಟುಕೊಳ್ಳಿ. ಗ್ರಾನೈಟ್ ಶಾಖವನ್ನು ಸಲೀಸಾಗಿ ದಾಟಿಸುವ ಕಲ್ಲು. ಒಂದೂವರೆ ಅಡಿ ದಪ್ಪ ಇದ್ದರೂ ಗೋಡೆಯ ಒಳಮೈ 21 ಡಿಗ್ರಿಯ ಹತ್ತಿರ ಬರುತ್ತದೆ. ಇಬ್ಬನಿ ಬಿಂದು 19, ಕಲ್ಲು 21. ಅಂದರೆ ದೊಡ್ಡ ಹುಳು ಸಾಕುವ ಮನೆಯಲ್ಲಿ ಬರೀ ಕಲ್ಲುಗೋಡೆ ತಣ್ಣಗಿರುತ್ತದೆ, ಆದರೆ ಕೂದಲೆಳೆಯಲ್ಲಿ ಒಣಗಿರುತ್ತದೆ. ಅದರ ಮೇಲೆ 2 ಇಂಚು ಥರ್ಮೋಕೋಲ್ ಹೊದಿಸಿ. ಥರ್ಮೋಕೋಲಿನ ಮುಖ 24 ಡಿಗ್ರಿ, ಬೆಚ್ಚಗೆ, ಒಣಗಿ. ಹಿಂದಿನ ಕಲ್ಲು? ಮನೆಯ ಶಾಖ ಅದಕ್ಕೆ ಸಿಗುವುದೇ ಇಲ್ಲ, 16ಕ್ಕೆ ಇಳಿಯುತ್ತದೆ. ಒಳಗಿನ ಗಾಳಿ ಯಾವ ಸಂದಿನಿಂದಲಾದರೂ ಅಲ್ಲಿಗೆ ಹೋಯಿತೋ, ನೀರಾಯಿತು.

ಭಾವನ ಮನೆಯಲ್ಲಿ ಆಗಿದ್ದು ಇದೇ. ಮೂವತ್ತು ವರ್ಷ ಬೆವರದೇ ಇದ್ದ ಗೋಡೆಯನ್ನು ನಾನು ಬೆವರಿಸಿದೆ. ಕಲ್ಲು ದಪ್ಪ ಇರುವುದರಿಂದ ಹಗಲಿನ ಬಿಸಿಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ಲೆಕ್ಕ ಒಂದೆರಡು ಡಿಗ್ರಿ ಹೆಚ್ಚು ಕಡಿಮೆ ಆಗಬಹುದು. ಬಿಸಿಲೇ ಬೀಳದ ಉತ್ತರದ ಗೋಡೆಗೆ ಆ ರಿಯಾಯಿತಿಯೂ ಕಡಿಮೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಯಾವ ಶೀಟು ಅಂತ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಟಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ನೀರು ಕೂತಿದ್ದರೆ ತೇವ ಗೋಡೆಯೊಳಗೇ ಇದೆ. ಹಾಳೆಯ ಮುಂದೆ ಕೂತಿದ್ದರೆ ಅದು ಕೋಣೆಯ ಗಾಳಿಯದು. ಮೂರು ಕಡೆ ಹಾಕಿ ನೋಡಿ: ನೆಲದ ಹತ್ತಿರ, ನಡುವೆ, ಸೂರಿನ ಕೆಳಗೆ. ಹುಳು ಇರುವಾಗಲೇ ಮಾಡಬೇಕು. ಖಾಲಿ ಮನೆಯಲ್ಲಿ ಮಾಡಿದರೆ ಗಾಳಿಯ ತೇವ ಕಾಣಿಸುವುದಿಲ್ಲ.

ಗೋಡೆಯೊಳಗಿನ ತೇವಕ್ಕೆ ನಮ್ಮ ಊರುಗಳಲ್ಲಿ ಒಂದು ದೊಡ್ಡ ಕಾರಣ ರಸ್ತೆ. ಸಿಸಿ ರಸ್ತೆ ಮೇಲೆ ಸಿಸಿ ರಸ್ತೆ ಹಾಕಿ ಹಾಕಿ ಎಷ್ಟೋ ಹಳೇ ಮನೆಗಳ ನೆಲ ರಸ್ತೆಗಿಂತ ಕೆಳಗೆ ಹೋಗಿದೆ. ಮಳೆ ನೀರು ಪಾಯದ ಪಕ್ಕ ನಿಲ್ಲುತ್ತದೆ, ಮಣ್ಣಿನ ಗಾರೆ ಅದನ್ನು ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತದೆ. ನೆಲದಿಂದ ಎರಡು ಮೂರು ಅಡಿವರೆಗೆ ಬಿಳಿ ಉಪ್ಪು ಕಟ್ಟಿ ಗಾರೆ ಉದುರುತ್ತಿದ್ದರೆ ಅದೇ ಗುರುತು. ಇಂಥ ಗೋಡೆಗೆ ಒಳಗಿನಿಂದ ಏನು ಹೊದಿಸಿದರೂ ತಪ್ಪು. ಇಷ್ಟು ದಿನ ಅದು ಒಳಗಡೆಗೆ ಒಣಗುತ್ತಿತ್ತು, ನೀವು ಆ ದಾರಿ ಮುಚ್ಚುತ್ತೀರಿ. ಮೊದಲು ಹೊರಗೆ ಚರಂಡಿ ತೋಡಿ, ಮಣ್ಣು ಇಳಿಸಿ, ನೀರು ಆಚೆ ಹರಿಯುವ ಹಾಗೆ ಮಾಡಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ.

ಇನ್ನೊಂದು ತಪ್ಪು ಎಲ್ಲರೂ ಮಾಡುವುದು: ಹೊರಗೆ ಸಿಮೆಂಟ್ ಗಾರೆ ಬಳಿದು ವಾಟರ್‌ಪ್ರೂಫ್ ಪೇಂಟ್ ಹೊಡೆಯುವುದು, ಒಳಗೆ ಫೋಮ್ ಶೀಟು ಹಾಕುವುದು. ಎರಡೂ ಕಡೆ ಬಾಯಿ ಕಟ್ಟಿದ ಮೇಲೆ ಸಂದಿನಲ್ಲಿ ಇಳಿದ ನೀರು ಎಲ್ಲಿಗೆ ಹೋಗಬೇಕು? ಒಳಗೆ ಮುಚ್ಚುವುದಾದರೆ ಹೊರಗೆ ಕಲ್ಲಿನ ಸಂದುಗಳಿಗೆ ಸುಣ್ಣದ ಗಾರೆ ತುಂಬಿ. ಅದು ಮಳೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಒಳಗಿನ ತೇವವನ್ನು ಹೊರಕ್ಕೂ ಬಿಡುತ್ತದೆ.

ಮೇಲೆ ಸಿಮೆಂಟ್ ಶೀಟೋ ಜಿಂಕ್ ಶೀಟೋ ಇದ್ದು ಅದರ ಕೆಳಗೆ ಏನೂ ಇಲ್ಲ ಅಂದರೆ ಗೋಡೆ ವಿಷಯ ಮಾತಾಡುವುದೇ ಬೇಡ, ಸೂರಿಗೆ ದುಡ್ಡು ಹಾಕಿ. ಬೇಸಿಗೆಯ ಬಿಸಿ ಬರುವುದೂ ಅಲ್ಲಿಂದ, ಚಳಿಗಾಲದ ಬೆಚ್ಚಗೆ ಹೋಗುವುದೂ ಅಲ್ಲಿಂದ.

ಥರ್ಮೋಕೋಲ್, ರೀಪರ್, ಪ್ಲೈವುಡ್

ಎಲ್ಲಕ್ಕಿಂತ ಅಗ್ಗ, ಅದಕ್ಕೇ ಎಲ್ಲರೂ ಕೇಳುವುದು. ಬಡಗಿ ಎರಡು ದಿನದಲ್ಲಿ ಮುಗಿಸುತ್ತಾನೆ. ಥರ್ಮೋಕೋಲಿನಲ್ಲಿ ದೋಷ ಇಲ್ಲ, ಶಾಖವನ್ನು ಚೆನ್ನಾಗಿಯೇ ತಡೆಯುತ್ತದೆ. ತೊಂದರೆ ಇರುವುದು ಹಾಕುವ ರೀತಿಯಲ್ಲಿ. ಸೈಜ್ ಕಲ್ಲಿನ ಮೈ ಸಮ ಇರುವುದಿಲ್ಲ. ರೀಪರ್ ಹೊಡೆದ ಮೇಲೆ ಶೀಟಿಗೂ ಕಲ್ಲಿಗೂ ನಡುವೆ ಒಂದು ಬೆರಳು, ಎರಡು ಬೆರಳು ಸಂದು. ಪ್ಲೈವುಡ್ ಜೋಡಣೆ, ಸ್ವಿಚ್ ಬಾಕ್ಸ್, ಕಿಟಕಿ ಅಂಚು, ಎಲ್ಲದರಿಂದಲೂ ಗಾಳಿ ಒಳಗೆ ಹೋಗುತ್ತದೆ, 16 ಡಿಗ್ರಿ ಕಲ್ಲನ್ನು ಸವರಿಕೊಂಡು ನೀರು ಬಿಟ್ಟು ಬರುತ್ತದೆ. ಆ ಸಂದಿನಲ್ಲಿ ಇಲಿ ಮನೆ ಮಾಡುತ್ತದೆ, ಮರಕ್ಕೆ ಗೆದ್ದಲು ಬರುತ್ತದೆ. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುತ್ತದೆ, ದಟ್ಟ ಕಪ್ಪು ಹೊಗೆ ಬಿಡುತ್ತದೆ, ಒಲೆ ಹೀಟರ್ ಇಡುವ ಮನೆಯಲ್ಲಿ ಅದನ್ನೂ ಯೋಚನೆ ಮಾಡಬೇಕು.

ಹುಳು ಮನೆಗೆ ಇದು ಬೇಡ. ವಾಸದ ಮನೆಯ ಒಂದು ಕೋಣೆಗೆ, ಒಣ ಇಟ್ಟಿಗೆ ಗೋಡೆಗೆ ಆದರೆ ನಡೆಯುತ್ತದೆ.

ಗ್ಲಾಸ್‌ವುಲ್, ಜಿಪ್ಸಮ್ ಬೋರ್ಡ್

ಆಫೀಸಿಗೆ ಸರಿ. ಹುಳು ಮನೆಗೆ ಖಂಡಿತ ಬೇಡ. ಗ್ಲಾಸ್‌ವುಲ್ ಅಂದರೆ ಗಾಜಿನ ಎಳೆಗಳ ಹತ್ತಿ, ಗಾಳಿಯನ್ನೂ ತೇವವನ್ನೂ ಆರಾಮಾಗಿ ಬಿಡುತ್ತದೆ, ನೆನೆದರೆ ಜೋತು ಬೀಳುತ್ತದೆ. ಪ್ರತಿ ಬೆಳೆಗೂ, ಅಂದರೆ ಪ್ರತಿ ಸಲ ಹುಳು ಸಾಕುವುದಕ್ಕೂ, ಮುಂಚೆ ನಾವು ಮನೆ ತೊಳೆಯುತ್ತೇವೆ. 0.3 ಪರ್ಸೆಂಟ್ ಸುಣ್ಣದ ನೀರಿನಲ್ಲಿ 2 ಪರ್ಸೆಂಟ್ ಬ್ಲೀಚಿಂಗ್ ಪುಡಿ ಕಲಸಿ ಗೋಡೆ, ನೆಲ, ಸ್ಟ್ಯಾಂಡ್ ಎಲ್ಲ ನೆನೆಯುವ ಹಾಗೆ ಹೊಡೆಯುತ್ತೇವೆ. ಜಿಪ್ಸಮ್ ಬೋರ್ಡ್ ಇದನ್ನು ಎಷ್ಟು ಬೆಳೆ ತಡೆದೀತು? ಮಿಂಚುವ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಶೀಟುಗಳೂ ಅಷ್ಟೇ. ಸುಣ್ಣದ ನೀರು ಅಲ್ಯೂಮಿನಿಯಂ ತಿನ್ನುತ್ತದೆ.

ಸುಣ್ಣದ ಗಾರೆ, ಹೊಟ್ಟು ಬೆರೆಸಿದ ಮಣ್ಣಿನ ಗಾರೆ

ಇದರ ಬಗ್ಗೆ ನನಗೆ ಪ್ರೀತಿ ಇದೆ, ಮೊದಲೇ ಹೇಳಿಬಿಡುತ್ತೇನೆ. ಹೊಟ್ಟು, ಹುಲ್ಲು ಬೆರೆಸಿ ಎರಡು ಇಂಚು ಬಳಿದ ಗೋಡೆ ತೇವ ಜಾಸ್ತಿ ಆದಾಗ ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ವಾಪಸ್ ಬಿಡುತ್ತದೆ. ಹಿಂದೆ ಸಂದು ಉಳಿಯುವುದಿಲ್ಲ. ವಾಸದ ಮನೆಗೆ ಇದಕ್ಕಿಂತ ಒಳ್ಳೆಯದು ನಾನು ಹೇಳಲಾರೆ. ಆದರೆ ಶಾಖ ತಡೆಯುವುದರಲ್ಲಿ ಫೋಮಿನ ಹತ್ತಿರಕ್ಕೂ ಬರುವುದಿಲ್ಲ. ಹುಳು ಮನೆಯಲ್ಲಿ ಬೆಳೆ ಮುಗಿಯುವವರೆಗೂ ತೇವಾಂಶ ಎಡೆಬಿಡದೆ ಮೇಲೇ ಇರುತ್ತದೆ, ವಾಪಸ್ ಬಿಡಲು ಪುರುಸೊತ್ತು ಎಲ್ಲಿ? ಒಳಗಿನ ಹುಲ್ಲಿಗೆ ಬೂಷ್ಟು ಬರುತ್ತದೆ.

ಬರೀ ಸುಣ್ಣದ ಗಾರೆ, ಮೇಲೆ ಸುಣ್ಣ ಬಳಿಯುವುದು ಬೇರೆ ಮಾತು. ಅದು ಇನ್ಸುಲೇಷನ್ ಅಲ್ಲ, ಆದರೆ ಬೂಷ್ಟಿಗೆ ಸುಣ್ಣ ಕಂಡರೆ ಆಗದು. ದೊಡ್ಡ ಹುಳು ಮಾತ್ರ ಸಾಕುವವರು, ವರ್ಷಕ್ಕೆ ಒಂದೋ ಎರಡೋ ಚಳಿ ಬೆಳೆ ತೆಗೆಯುವವರು, ಸೂರಿಗೆ ಇನ್ಸುಲೇಷನ್ ಮಾಡಿಸಿ ಗೋಡೆಗೆ ಸುಣ್ಣ ಬಳಿದು ಅಲ್ಲಿಗೇ ನಿಲ್ಲಿಸಬಹುದು. ಅರ್ಧಕ್ಕರ್ಧ ಜನಕ್ಕೆ ನಾನು ಇದನ್ನೇ ಹೇಳುವುದು. ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ.

ಎಕ್ಸ್‌ಪಿಎಸ್ ಶೀಟು, ಪೂರ್ತಿ ಅಂಟಿಸಿ

ಎಕ್ಸ್‌ಪಿಎಸ್ ಅಂದರೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್, ಒಂದು ಜಾತಿಯ ಫೋಮ್ ಶೀಟು. ನೋಡಲು ಥರ್ಮೋಕೋಲಿನ ತಮ್ಮನ ಹಾಗೆ, ಆದರೆ ಗಟ್ಟಿ. ನೀಲಿ, ಗುಲಾಬಿ, ಹಸಿರು ಬಣ್ಣದಲ್ಲಿ ಬರುತ್ತದೆ. ಕಾಳು ಕಾಳಾಗಿ ಉದುರುವುದಿಲ್ಲ, ನೀರು ಹೀರುವುದೂ ಬಹಳ ಕಡಿಮೆ. ಥರ್ಮೋಕೋಲಿಗಿಂತ ದುಬಾರಿ, ಪಿಯುಎಫ್‌ಗಿಂತ (ಪಾಲಿಯುರೆಥೇನ್ ಫೋಮ್) ಅಗ್ಗ.

ಇದರ ಗುಟ್ಟು ಇರುವುದು ಅಂಟಿಸುವುದರಲ್ಲಿ. ಮೊದಲು ಕಲ್ಲಿನ ಮೇಲೆ ಗಾರೆ ಮಾಡಿ ಮೈ ಸಮ ಮಾಡಬೇಕು. ಆ ಗಾರೆ ಪೂರ್ತಿ ಒಣಗಬೇಕು, ಒಂದು ತಿಂಗಳಾದರೂ ಬಿಡಿ. ಆಮೇಲೆ ಸಿಮೆಂಟ್ ಜಾತಿಯ ಅಂಟನ್ನು ಹಲ್ಲಿರುವ ಕರಣೆಯಲ್ಲಿ ಇಡೀ ಶೀಟಿಗೆ ಬಳಿದು ಒತ್ತಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಅಂಟಿಸುವ ಅಭ್ಯಾಸ ಕೆಲವು ಮೇಸ್ತ್ರಿಗಳಿಗಿದೆ. ಹಾಗೆ ಮಾಡಿದರೆ ಹಿಂದೆ ಮತ್ತೆ ಸಂದು, ಮತ್ತೆ ಅದೇ ಕಥೆ. ಪೆಟ್ರೋಲ್ ವಾಸನೆ ಬರುವ ಗಮ್ ಬೇಡವೇ ಬೇಡ, ಅದು ಶೀಟನ್ನೇ ಕರಗಿಸುತ್ತದೆ. ಜೋಡಣೆಗಳಿಗೆ ಫೋಮ್ ತುಂಬಿ ಟೇಪ್ ಹಾಕಿ, ಮೇಲೆ ಫೈಬರ್ ಜಾಲರಿ ಕೂರಿಸಿ ತೆಳು ಸಿಮೆಂಟ್ ಗಾರೆ ಮಾಡಿದರೆ ಬ್ಲೀಚಿಂಗ್ ನೀರಿಗೂ ತಡೆಯುತ್ತದೆ, ಬೆಂಕಿಗೂ ಸ್ವಲ್ಪ ಮಟ್ಟಿಗೆ ಮರೆ ಆಗುತ್ತದೆ.

ದಪ್ಪ ಎಷ್ಟು? ಜನ 2 ಇಂಚು, 3 ಇಂಚು ಅನ್ನುತ್ತಾರೆ. ಕಲ್ಲುಗೋಡೆಯಿಂದ ಹೋಗುವ ಶಾಖದಲ್ಲಿ ಮೂರರಲ್ಲಿ ಎರಡು ಪಾಲನ್ನು ಮೊದಲ ಇಂಚೇ ತಡೆಯುತ್ತದೆ. ಎರಡನೇ ಇಂಚು ಹಾಕಿದರೆ ಐದರಲ್ಲಿ ನಾಲ್ಕು ಪಾಲು, ಅಷ್ಟೇ. ಒಂದು ಇಂಚು ಹಾಕಿ, ಉಳಿದ ದುಡ್ಡಲ್ಲಿ ಕಿಟಕಿಯ ಅಂಚು, ಬಾಗಿಲ ಪಕ್ಕ, ಮೂಲೆ ಇವನ್ನೆಲ್ಲ ಬಿಡದೆ ಸುತ್ತಿಸಿ. ಕಿಟಕಿಯ ಸುತ್ತ ಒಂದು ಗೇಣು ಕಲ್ಲು ಬರಿದಾಗಿ ಉಳಿದರೆ ನೀರೆಲ್ಲ ಅಲ್ಲೇ ಕೂರುತ್ತದೆ.

ಅಂಟು, ಫೋಮಿನ ವಾಸನೆ ಪೂರ್ತಿ ಹೋಗುವವರೆಗೆ ಹುಳು ತರಬೇಡಿ. ಅಗರಬತ್ತಿ ಹೊಗೆಗೂ ಮುದುಡುವ ಜೀವ ಅದು. ಒಂದು ಬೆಳೆ ಬಿಟ್ಟರೂ ಪರವಾಗಿಲ್ಲ.

ಪಿಯುಎಫ್: ಸ್ಪ್ರೇ ಮತ್ತು ಪ್ಯಾನೆಲ್

ಸ್ಪ್ರೇ ಮಾಡಿದರೆ ಕಲ್ಲಿನ ಏರಿಳಿತಕ್ಕೆಲ್ಲ ಅದೇ ಹೋಗಿ ಕೂರುತ್ತದೆ, ಸಂದೇ ಉಳಿಯುವುದಿಲ್ಲ. ಶಾಖ ತಡೆಯುವುದರಲ್ಲೂ ಇದೇ ಮುಂದೆ. ಆದರೆ ಕೆಲಸಗಾರರ ಕೈ ಮೇಲೆ ನಿಂತಿದೆ, ಒದ್ದೆ ಕಲ್ಲಿನ ಮೇಲೆ ಹೊಡೆದರೆ ಹಿಡಿಯುವುದಿಲ್ಲ, ಬರೀ ಮೈ ಬಿಟ್ಟರೆ ಬೆಂಕಿಗೆ ಅಪಾಯ. ಮತ್ತೆ, ಹಿಂದೆ ಏನಾಗುತ್ತಿದೆ ಅಂತ ಎಂದೂ ನೋಡುವ ಹಾಗಿಲ್ಲ. ನನಗೆ ಆ ಕೊನೆಯ ಮಾತೇ ಸರಿ ಬರುವುದಿಲ್ಲ.

ಚಾಕಿ ಕೇಂದ್ರ ನಡೆಸುವವರಿಗೆ ಮಾತ್ರ ನಾನು ಪ್ಯಾನೆಲ್ ಹೇಳುತ್ತೇನೆ. ಅವರದು ವರ್ಷವಿಡೀ 27 ಡಿಗ್ರಿ, 85 ಪರ್ಸೆಂಟ್. ಅಲ್ಲಿ ಬರೀ ಕಲ್ಲೇ ಬೆವರುತ್ತದೆ, ಗೋಡೆಗೆ ಹೊದಿಸಿ ಗೆಲ್ಲುವುದು ಕಷ್ಟ. ಕೋಣೆಯೊಳಗೆ ಇನ್ನೊಂದು ಕೋಣೆ ನಿಲ್ಲಿಸಿ: ಎರಡೂ ಕಡೆ ತಗಡು ಇರುವ ಪಿಯುಎಫ್ ಪ್ಯಾನೆಲ್, ಕಲ್ಲುಗೋಡೆಯಿಂದ ಒಬ್ಬ ಮನುಷ್ಯ ಪಕ್ಕಕ್ಕೆ ತಿರುಗಿ ನಡೆಯುವಷ್ಟು ಜಾಗ ಬಿಟ್ಟು. ಆ ಜಾಗಕ್ಕೆ ಹೊರಗಿನ ಗಾಳಿ ಆಡಲಿ. ಕಲ್ಲು ತನ್ನ ಪಾಡಿಗೆ ಒಣಗುತ್ತದೆ, ಒಳಗಿನದು ತನ್ನ ಪಾಡಿಗೆ ಬೆಚ್ಚಗಿರುತ್ತದೆ. ಖರ್ಚು ಜಾಸ್ತಿ, ಜಾಗವೂ ಹೋಗುತ್ತದೆ, ಆದರೆ ಗೋಡೆಯ ತಲೆನೋವು ಪೂರ್ತಿ ಹೋಗುತ್ತದೆ.

ಗೋಡೆಯ ಹೊರಗಡೆ ನಿಮ್ಮದೇ ಜಾಗ ಇದ್ದರೆ ಒಳಗಿನ ಈ ರಗಳೆ ಒಂದೂ ಬೇಡ, ಹೊರಗಿನಿಂದ ಹೊದಿಸಿ. ಕಲ್ಲು ಒಳಗಿನ ಶಾಖದಲ್ಲೇ ಇರುತ್ತದೆ, ಬೆವರುವುದಿಲ್ಲ. ನಮ್ಮ ಊರುಗಳಲ್ಲಿ ಒಂದು ಗೋಡೆ ದಾಯಾದಿಗಳದ್ದು, ಇನ್ನೊಂದು ರಸ್ತೆಗೆ ಅಂಟಿಕೊಂಡಿರುತ್ತದೆ, ಅದಕ್ಕೇ ಈ ಪಾಡು.

ಪ್ಲಾಸ್ಟಿಕ್ ಹಾಳೆ ಯಾವ ಕಡೆ

ತೇವ ತಡೆಯುವ ಹಾಳೆಯನ್ನು ಬಿಸಿ ಮತ್ತು ತೇವ ಜಾಸ್ತಿ ಇರುವ ಕಡೆಗೆ ಹಾಕಬೇಕು. ಹುಳು ಮನೆಯಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಅದು ಒಳಗಡೆ. ಗುಲಾಬಿ, ದ್ರಾಕ್ಷಿ ಇಡುವ ಕೋಲ್ಡ್ ರೂಮಿಗೆ ಪೂರ್ತಿ ಉಲ್ಟಾ: ಒಳಗೆ 2–4 ಡಿಗ್ರಿ, ತೇವ ಹೊರಗಿನಿಂದ ನುಗ್ಗುತ್ತದೆ, ಹಾಳೆ ಗೋಡೆಗೂ ಫೋಮಿಗೂ ನಡುವೆ ಬರಬೇಕು. ಹಳೇ ಹುಳು ಮನೆಯನ್ನು ಕೋಲ್ಡ್ ರೂಮ್ ಮಾಡುವವರು ಹಳೇ ಇನ್ಸುಲೇಷನ್ ಹಾಗೇ ಉಳಿಸಿಕೊಳ್ಳಲು ನೋಡುತ್ತಾರೆ, ಬೇಡ. ಎಸಿ ಹಾಕಿದ ಮಲಗುವ ಕೋಣೆಗೆ, ತುಮಕೂರಾಗಲಿ ಕೋಲಾರವಾಗಲಿ, ಎಸಿ 24ರಲ್ಲಿ ಇಟ್ಟರೆ ಯಾವ ಹಾಳೆಯೂ ಬೇಕಿಲ್ಲ.

ಒಲೆಯ ವಿಷಯ

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಒಂದು ಕೆ.ಜಿ. ಗ್ಯಾಸ್ ಉರಿದರೆ ಒಂದೂವರೆ ಕೆ.ಜಿ.ಗೂ ಜಾಸ್ತಿ ನೀರಿನ ಆವಿ ಬರುತ್ತದೆ. ಗ್ಯಾಸ್ ಹೀಟರ್ ಇಟ್ಟವರ ಗೋಡೆ ಬೇಗ ಬೆವರುವುದು ಇದಕ್ಕೇ. ಕರೆಂಟಿನ ಹೀಟರಿಗೆ ಈ ತೊಂದರೆ ಇಲ್ಲ. ಇದ್ದಿಲು ಒಲೆಯಲ್ಲಿ ಆವಿ ಕಡಿಮೆ, ಆದರೆ ಸಂದುಗೊಂದಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಅದರ ವಿಷಗಾಳಿ ಹುಳುವಿಗಿಂತ ಮುಂಚೆ ಮನುಷ್ಯನನ್ನು ಮಲಗಿಸುತ್ತದೆ. ಇನ್ಸುಲೇಷನ್ ಮಾಡಿಸಿದ ಮೇಲೆ ಒಳಗೆ ಇದ್ದಿಲು ಬೇಡ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಿನ್ನುವುದು ನಿಲ್ಲಿಸಿದಾಗ, ಹೇಗಿದ್ದರೂ ಅದರ ಹಾಸಿಗೆ ಒಣಗಿರಬೇಕು, ಆಗ ಕಿಟಕಿ ತೆಗೆಯುವುದಕ್ಕೆ ಜಿಪುಣತನ ಮಾಡಬೇಡಿ. ಹುಳುವಿನ ಮೇಲೆ ಮೊಟ್ಟೆ ಇಡುವ ಊಜಿ ನೊಣ ಬಾರದಂತೆ ಹಾಕಿದ ಜಾಲರಿ ಇದ್ದೇ ಇದೆಯಲ್ಲ.

ಗೋಡೆಯ ಕಪ್ಪು ಬೂಷ್ಟು ಬೇರೆ, ಹುಳುವಿಗೆ ಶಿಲೀಂಧ್ರದಿಂದ ಬರುವ ಸುಣ್ಣಕಟ್ಟು ರೋಗ ಬೇರೆ. ಆದರೆ ಎರಡಕ್ಕೂ ಇಷ್ಟವಾಗುವುದು ತಣ್ಣಗೆ ಒದ್ದೆಯಾಗಿರುವ ಜಾಗವೇ.

ಭಾವನ ಮನೆಯಲ್ಲಿ ಈಗ

ಎಲ್ಲ ಕಿತ್ತು ಹಾಕಿದೆವು. ರಸ್ತೆ ಕಡೆ ಚರಂಡಿ ತೋಡಿಸಿದೆವು. ಮಾರ್ಚ್‌ನಿಂದ ಮೇವರೆಗೆ ಗೋಡೆ ಬರಿ ಮೈಯಲ್ಲಿ ಒಣಗಿತು. ಸೂರಿನ ಕೆಳಗೆ ಮೊದಲು ಇನ್ಸುಲೇಷನ್, ಆಮೇಲೆ ಉತ್ತರ ಮತ್ತು ಪಶ್ಚಿಮದ ಗೋಡೆಗೆ ಮಾತ್ರ ಒಂದು ಇಂಚು ಎಕ್ಸ್‌ಪಿಎಸ್. ಉಳಿದೆರಡಕ್ಕೆ ಸುಣ್ಣ. ಉತ್ತರದ ಗೋಡೆಯಲ್ಲಿ ಎರಡು ಕಡೆ, ನೆಲದಿಂದ ಒಂದಡಿ ಮೇಲೆ ಮತ್ತು ಕಿಟಕಿ ಪಕ್ಕ, ಅಂಗೈ ಅಗಲದ ತುಂಡನ್ನು ಅಂಟಿಸದೆ ರಬ್ಬರ್ ಪಟ್ಟಿ ಸುತ್ತಿ ಸ್ಕ್ರೂ ಹಾಕಿ ಕೂರಿಸಿದ್ದೇನೆ. ಯಾವಾಗ ಬೇಕಾದರೂ ಬಿಚ್ಚಿ ಹಿಂದಿನ ಕಲ್ಲು ಮುಟ್ಟಿ ನೋಡಬಹುದು.

ಈ ಡಿಸೆಂಬರಿನಲ್ಲಿ, ಹಣ್ಣು ಹುಳುಗಳನ್ನು (ಗೂಡು ಕಟ್ಟಲು ತಯಾರಾದವು) ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಮಾರನೇ ದಿನ, ಎರಡನ್ನೂ ಬಿಚ್ಚಿ ನೋಡಿದೆ. ಕೆಳಗಿನದು ಒಣಗಿತ್ತು, ಬೆರಳಿಗೆ ಸುಣ್ಣದ ಪುಡಿ ಹತ್ತಿತು. ಕಿಟಕಿ ಪಕ್ಕದ್ದು ಒದ್ದೆ. ಹುಡುಕಿದರೆ ಅದರಿಂದ ಒಂದು ಗೇಣು ಮೇಲೆ, ಗಾರೆ ಜಾಲರಿ ಎಲ್ಲ ಸೀಳಿಕೊಂಡು, ಬಲ್ಬ್ ತೂಗು ಹಾಕಲು ನಾಲ್ಕು ಇಂಚಿನ ಮೊಳೆ ಹೊಡೆದಿದ್ದರು.

“ನಾನಲ್ಲಪ್ಪ” ಅಂದರು ಭಾವ. ಅಕ್ಕ ಒಳಗಿನಿಂದ ನಕ್ಕಳು.